ಕಟ್ಟಡ ಕಾರ್ಮಿಕರ ಸುರಕ್ಷತೆ: ಮೊಬೈಲಿನ ಪಾಠ, ಕೈಯ ಅಭ್ಯಾಸ

ಕಳೆದ ಬೇಸಿಗೆಯ ಒಂದು ಸಂಜೆ ಕಣಗಲಾದ ನಮ್ಮ ಚಿಕಿತ್ಸಾಲಯಕ್ಕೆ ಹತ್ತೊಂಬತ್ತರ ಹರೆಯದ ಯುವಕನೊಬ್ಬನನ್ನು ಅವನ ತಾಯಿ ಕರೆತಂದರು. ಬಲಗೈಯ ಮಣಿಕಟ್ಟು ಮುರಿದು, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ತೆಗೆಸಿದ ಮೇಲೂ ಉಳಿದಿದ್ದ ಬಿಗಿತಕ್ಕೆ ತೈಲದ ಉಪಚಾರ ಬಯಸಿ ಬಂದಿದ್ದರು. ಪರಸ್ಥಳದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನವೇ ಆ ಯುವಕ ಸಾರವೆಯ ಮೇಲಿಂದ ಬಿದ್ದಿದ್ದ. ಗೋಡೆ ಕಟ್ಟುವವರು ಎತ್ತರದಲ್ಲಿ ನಿಲ್ಲಲು ಬಿದಿರು, ಹಲಗೆಗಳಿಂದ ಕಟ್ಟುವ ಅಟ್ಟಣಿಗೆಯೇ ಸಾರವೆ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏನಾದರೂ ಕಲಿಸಿದ್ದರೇ ಎಂದು ನಾವು ಕೇಳಿದೆವು. ಅವನು ಎಡಗೈಯಿಂದ ಮೊಬೈಲ್ ತೆಗೆದು ಒಂದು ಪ್ರಮಾಣಪತ್ರ ತೋರಿಸಿದ. "ಎಲ್ಲಾ ಮೊಬೈಲ್‌ನ್ಯಾಗ ನೋಡಿದ್ನಿರಿ ಸಾಹೇಬ್ರ. ಹತ್ತಕ್ಕ ಒಂಬತ್ತು ಮಾರ್ಕ್ಸ್ ಬಂದಿದ್ದುವ್ರಿ."

"ಹಂಗಾದ್ರ ಬೆಲ್ಟ್ ಹಾಕ್ಕೊಂಡಿರಲಿಲ್ಲೇನಪಾ?"

"ಹಾಕ್ಕೊಂಡಿದ್ನಿರಿ. ಆದ್ರ ಕೊಕ್ಕೆ ಎಲ್ಲಿ ಸಿಗಸಬೇಕಂತ ಯಾರೂ ತೋರಿಸಿರ್ಲಿಲ್ಲ. ಕೈಗೆ ಸಿಕ್ಕ ಬಿದಿರಿಗೆ ಸಿಗಸಿದ್ನಿ. ಅದೂ ನನ್ನ ಕೂಡ ಕೆಳಗ ಬಂತು."

ಮೂರೂವರೆ ದಶಕಗಳ ವೈದ್ಯವೃತ್ತಿಯಲ್ಲಿ ಬಿದ್ದವರನ್ನೂ ಸುಟ್ಟುಕೊಂಡವರನ್ನೂ ನಾವು ಬಹಳ ಕಂಡಿದ್ದೇವೆ. ಆದರೆ ಈ ಹುಡುಗನ ಮಾತು ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿತು. ಅವನು ಅಜ್ಞಾನಿಯಾಗಿರಲಿಲ್ಲ, ಉಡಾಫೆಯವನೂ ಆಗಿರಲಿಲ್ಲ. ಬೆಲ್ಟ್ ಧರಿಸಬೇಕೆಂಬುದನ್ನು ಕಲಿತಿದ್ದ, ಧರಿಸಿಯೂ ಇದ್ದ. ಅರಿವಿಗೂ ಆಚರಣೆಗೂ ನಡುವೆ ಒಂದು ಕೊಕ್ಕೆಯಷ್ಟು ಅಂತರ ಉಳಿದಿತ್ತು. ಈ ತಿಂಗಳು ಆ ಅಂತರವನ್ನು ಕುರಿತು ವಿಚಾರಿಸೋಣ.

ನಮ್ಮ ಊರುಗಳಿಗೆ ಇದು ಏಕೆ ಮುಖ್ಯ?

ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ರಾಷ್ಟ್ರೀಯ ಹೆದ್ದಾರಿಯ ಬದಿಗೆ ನಮ್ಮ ಕಣಗಲಾ ಇದೆ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹಳ್ಳಿಗಳಿಂದ ಬೆಳಗಾವಿ, ಕೊಲ್ಲಾಪುರ, ಗೋವೆಗಳ ಕಡೆಗೆ ದುಡಿಯಲು ಹೋಗುವ ತರುಣರಿಗೆ ಬಸ್ಸು ಹತ್ತುವುದು ಸುಲಭ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ತುಂಡಾಗಿದೆ. ಕಬ್ಬಿನ ಕೆಲಸ ವರ್ಷವಿಡೀ ಇರುವುದಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗ ಪರಿಚಯದ ಮುಕಾದಮನೊಬ್ಬನ ಜತೆ ಹೊರಡುತ್ತಾನೆ, ಮರುದಿನ ಬೆಳಿಗ್ಗೆ ಎರಡನೆಯ ಮಹಡಿಯ ಮೇಲೆ ನಿಂತಿರುತ್ತಾನೆ.

ನಮ್ಮೂರಿನ ಎಚ್‌ಎಲ್‌ಎಲ್ ಕಾರ್ಖಾನೆಯಂತಹ ಸ್ಥಳಕ್ಕೂ ಕಟ್ಟಡದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಕಾರ್ಖಾನೆಯಲ್ಲಿ ಯಂತ್ರ, ಗೋಡೆ, ದಾರಿ ಇಂದು ಇದ್ದಲ್ಲೇ ನಾಳೆಯೂ ಇರುತ್ತವೆ. ಕಟ್ಟಡ ಹಾಗಲ್ಲ. ನಿನ್ನೆ ನೆಲವಿದ್ದಲ್ಲಿ ಇಂದು ಗುಂಡಿ, ಇಂದು ತೆರೆದ ಅಂಚಿದ್ದಲ್ಲಿ ನಾಳೆ ಗೋಡೆ. ಅಪಾಯ ದಿನದಿನಕ್ಕೆ ಜಾಗ ಬದಲಿಸುವ ಈ ಕಾಯಕದಲ್ಲಿ ಹೊಸಬನ ಕಣ್ಣು ಅದನ್ನು ಗುರುತಿಸುವಷ್ಟು ಪಳಗಿರುವುದಿಲ್ಲ. ಎಲ್ಲ ಬಗೆಯ ಉದ್ಯೋಗಗಳನ್ನು ಕುರಿತು ಕೆನಡಾದಲ್ಲಿ ನಡೆದ ಸಂಶೋಧನೆಯು, ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಲ್ಲಿ ಗಾಯಗೊಳ್ಳುವ ಸಂಭವವು ಒಂದು ವರ್ಷಕ್ಕೂ ಹೆಚ್ಚು ಅನುಭವವಿದ್ದವರಿಗಿಂತ ಮೂರು ಪಟ್ಟು ಅಧಿಕವೆಂದು ಕಂಡುಕೊಂಡಿದೆ. ಆ ಯುವಕ ಬಿದ್ದದ್ದು ಹನ್ನೊಂದನೆಯ ದಿನ ಎಂಬುದನ್ನು ಓದುಗರು ನೆನಪಿಡಬೇಕು.

ಮೊಬೈಲ್ ತರಬೇತಿಯ ಗುಣ ಮತ್ತು ಮಿತಿ

ಅಮೆರಿಕದಲ್ಲಿ ಕೆಲಸದ ಸ್ಥಳದ ಸುರಕ್ಷತೆಯನ್ನು ನೋಡಿಕೊಳ್ಳುವ ಓಷಾ ಎಂಬ ಸರ್ಕಾರಿ ಸಂಸ್ಥೆಯು ಹೊಸ ಕಟ್ಟಡ ಕಾರ್ಮಿಕರಿಗೆಂದು 10 ಗಂಟೆಗಳ, ಮೇಲ್ವಿಚಾರಕರಿಗೆಂದು 30 ಗಂಟೆಗಳ ಪಾಠಕ್ರಮಗಳನ್ನು ರೂಪಿಸಿದೆ. ಇವನ್ನು ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲಿಯೂ ಮುಗಿಸಬಹುದು. ಆದರೆ ದಿನಕ್ಕೆ ಏಳೂವರೆ ಗಂಟೆಗಿಂತ ಹೆಚ್ಚು ಪಾಠ ಕೂಡದು. ಆದ್ದರಿಂದ 10 ಗಂಟೆಯ ಪಾಠಕ್ಕೂ ಎರಡು ದಿನ ಬೇಕೇಬೇಕು. ಎತ್ತರದಿಂದ ಬೀಳುವುದು, ವಸ್ತು ಬಡಿಯುವುದು, ಯಂತ್ರ ಅಥವಾ ಮಣ್ಣಿನ ನಡುವೆ ಸಿಲುಕುವುದು, ವಿದ್ಯುತ್ ತಗಲುವುದು ಎಂಬ ನಾಲ್ಕು ಮಹಾಕಾರಣಗಳಿಗೆ ಅದರಲ್ಲಿ ಹೆಚ್ಚಿನ ಸಮಯ ಮೀಸಲು. ನಮ್ಮ ದೇಶದಲ್ಲಿಯೂ 2023ರಲ್ಲಿ ಆರಂಭವಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಮೊದಲಾದ ತಾಣಗಳಲ್ಲಿ ಕೌಶಲದ ಪಾಠಗಳು ದೊರೆಯುತ್ತವೆ. ದೊಡ್ಡ ಗುತ್ತಿಗೆದಾರರು ತಮ್ಮದೇ ವಿಡಿಯೊಗಳನ್ನು ತೋರಿಸುವುದುಂಟು.

ಇವುಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಓದು ಬಾರದವರಿಗೂ ಚಿತ್ರ ಅರ್ಥವಾಗುತ್ತದೆ. ತಿಳಿಯದಿದ್ದರೆ ಮತ್ತೊಮ್ಮೆ ನೋಡಬಹುದು. ಪಾಠ ಕಲಿಸುವವನ ಬೇಸರ, ಅವಸರ ಅದಕ್ಕೆ ತಟ್ಟುವುದಿಲ್ಲ. ಏನನ್ನೂ ಹೇಳದೆ ಕೈಗೆ ಬುಟ್ಟಿ, ಸಲಿಕೆ ಕೊಟ್ಟು ಮೇಲಕ್ಕೆ ಹತ್ತಿಸುವ ಹಳೆಯ ರೂಢಿಗಿಂತ ಇದು ಎಷ್ಟೋ ಮೇಲು.

ದೋಷಗಳೂ ಇವೆ. ಮೊದಲನೆಯದು ಭಾಷೆ. ನಮ್ಮ ಗಡಿಭಾಗದ ಹುಡುಗರಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ. ಪಾಠ ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ಬಂದರೆ ಚಿತ್ರ ನೋಡುತ್ತಾರೆ, ಕಾರಣ ತಿಳಿಯುವುದಿಲ್ಲ. ಎರಡನೆಯದು, ಸ್ವಂತ ಮೊಬೈಲ್ ಇಲ್ಲದವರು. ಗಾರೆ ಹೊರುವ ಹೆಣ್ಣುಮಕ್ಕಳ ಪರವಾಗಿ ಬೇರೆ ಯಾರೋ ಉತ್ತರ ಒತ್ತಿ ಪ್ರಮಾಣಪತ್ರ ತೆಗೆಯುವುದುಂಟೆಂದು ರೋಗಿಗಳಿಂದಲೇ ಕೇಳಿದ್ದೇವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನೋಡಿದ್ದನ್ನೇ ಕಲಿತದ್ದೆಂದು ಭಾವಿಸುವುದು. ತನ್ನ ಪಾಠಕ್ರಮವು ಆಯಾ ಸ್ಥಳದ ಅಪಾಯಗಳನ್ನು ಕುರಿತು ಮಾಲೀಕನು ಕೊಡಲೇಬೇಕಾದ ತರಬೇತಿಗೆ ಬದಲಿಯಲ್ಲವೆಂದು ಓಷಾ ಸಂಸ್ಥೆಯೇ ಹೇಳುತ್ತದೆ.

ಸುಶ್ರುತರು ಕುಂಬಳಕಾಯಿ ಕೊಯ್ಯಿಸಿದ್ದೇಕೆ?

ಈ ಪ್ರಶ್ನೆ ನಮ್ಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯ ಎಂದು ಹೆಸರು. ಯೋಗ್ಯಾ ಎಂದರೆ ಕೈಯಿಂದ ಮಾಡಿ ಮಾಡಿ ಪಳಗುವ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಿಗೂ ಗುರುವು ಈ ಅಭ್ಯಾಸ ಮಾಡಿಸಬೇಕು, ಅದಿಲ್ಲದವನು ಎಷ್ಟೇ ಓದಿದ್ದರೂ ಶಸ್ತ್ರಕರ್ಮಕ್ಕೆ ಅರ್ಹನಲ್ಲ ಎಂಬುದು ಅದರ ತಾತ್ಪರ್ಯ. ಬೂದುಗುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು, ಕೆಸರು ತುಂಬಿದ ಚರ್ಮದ ಚೀಲದ ಮೇಲೆ ಸೀಳುವುದನ್ನು, ಬೊಂಬೆಯ ಅಂಗಗಳ ಮೇಲೆ ಪಟ್ಟಿ ಕಟ್ಟುವುದನ್ನು ಕಲಿಸಬೇಕೆಂದು ಅಲ್ಲಿ ವಿವರವಾಗಿದೆ. ತಪ್ಪು ಆಗುವುದಾದರೆ ಕುಂಬಳಕಾಯಿಯ ಮೇಲೆ ಆಗಲಿ, ಮನುಷ್ಯನ ಮೇಲಲ್ಲ. ಶಾಸ್ತ್ರ ಮಾತ್ರ ಬಲ್ಲವನನ್ನೂ ಕೈಕೆಲಸ ಮಾತ್ರ ಬಲ್ಲವನನ್ನೂ ಅದೇ ಗ್ರಂಥವು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸುತ್ತದೆ.

ಚರಕ ಸಂಹಿತೆಯಿಂದಲೂ ಒಂದು ಬೆಳಕು ದೊರೆಯುತ್ತದೆ. ಪೆಟ್ಟು, ಬೆಂಕಿ, ವಿಷ ಮುಂತಾಗಿ ಹೊರಗಿನಿಂದ ಬರುವ ಆಗಂತು ವ್ಯಾಧಿಗಳಿಗೆ ಚರಕರು ಪ್ರಜ್ಞಾಪರಾಧವನ್ನು ಮೂಲಕಾರಣವೆನ್ನುತ್ತಾರೆ. ಧೀ ಎಂದರೆ ಸರಿಯಾದ ತಿಳಿವು, ಧೃತಿ ಎಂದರೆ ಮನಸ್ಸನ್ನು ಹಿಡಿದಿಡುವ ಬಲ, ಸ್ಮೃತಿ ಎಂದರೆ ತಕ್ಕ ಹೊತ್ತಿನಲ್ಲಿ ನೆನಪಾಗುವುದು. ಈ ಮೂರರಲ್ಲಿ ಒಂದು ಜಾರಿದರೂ ಪ್ರಜ್ಞಾಪರಾಧವೇ.

ಮೊಬೈಲಿನ ಪಾಠ ಧೀಯನ್ನು ಕೊಡಬಲ್ಲದು. ಆದರೆ ಸಂಜೆಯ ಅವಸರದಲ್ಲಿ "ಇದೊಂದ ಬುಟ್ಟಿ, ಬೆಲ್ಟ್ ಯಾಕ?" ಎಂದು ಮುಕಾದಮನು ಗದರಿದಾಗ ಬೇಡವೆನ್ನುವ ಧೃತಿ ಹಿರಿಯರ ಬೆಂಬಲದಿಂದ ಬರುತ್ತದೆ. ಸ್ಮೃತಿಯು ನಿತ್ಯದ ನೆನಪಿನಿಂದ ಬರುತ್ತದೆ. ಕೆಲಸ ಆರಂಭಿಸುವ ಮುನ್ನ ಹತ್ತು ನಿಮಿಷ ಎಲ್ಲರೂ ನಿಂತು, ಇಂದು ಎಲ್ಲಿ ಗುಂಡಿ ತೋಡಿದೆ, ಯಾವ ಅಂಚು ತೆರೆದಿದೆ, ಯಾವ ತಂತಿ ಹರಿದಿದೆ ಎಂದು ಮಾತಾಡಿಕೊಳ್ಳುವ ಪದ್ಧತಿ ಒಳ್ಳೆಯ ಕಟ್ಟಡಗಳಲ್ಲಿ ಇದೆ. ಹೊಸಬನಿಗೆ ಈ ಹತ್ತು ನಿಮಿಷವು ಹತ್ತು ಗಂಟೆಯ ವಿಡಿಯೊದಷ್ಟೇ ಅಗತ್ಯ.

ಕೈಯಿಂದಲೇ ಕಲಿಯಬೇಕಾದ ಆರು ಪಾಠಗಳು

ಎತ್ತರ: ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೀಳುವುದನ್ನು ತಡೆಯಲು ತಕ್ಕದ್ದಲ್ಲ. ಬಿದ್ದಾಗ ದೇಹದ ಭಾರವೆಲ್ಲ ಹೊಟ್ಟೆ ಮತ್ತು ಬೆನ್ನುಹುರಿಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಅಮೆರಿಕದಲ್ಲಿ 1998ರಿಂದ ಅದನ್ನು ಈ ಉದ್ದೇಶಕ್ಕೆ ನಿಷೇಧಿಸಲಾಗಿದೆ. ಭುಜ, ಎದೆ, ತೊಡೆಗಳನ್ನು ಸುತ್ತುವ ಪೂರ್ಣ ಕವಚದ ಬೆಲ್ಟ್ ಬೇಕು. ಅದರ ಕೊಕ್ಕೆಯನ್ನು ಆದಷ್ಟು ತಲೆಗಿಂತ ಮೇಲೆ, ಕಟ್ಟಡದ ಗಟ್ಟಿಯಾದ ಭಾಗಕ್ಕೋ ಅದಕ್ಕೆಂದೇ ಬಿಗಿದ ಹಗ್ಗಕ್ಕೋ ಸಿಗಿಸಬೇಕು. ಒಬ್ಬ ವ್ಯಕ್ತಿಯ ಕೊಕ್ಕೆಗೆ ಸುಮಾರು 2,200 ಕಿಲೋ ಭಾರ ತಾಳುವ ಆಧಾರವಿರಬೇಕೆಂಬುದು ಅಲ್ಲಿನ ನಿಯಮ. ಅರವತ್ತು ಕಿಲೋದ ಹುಡುಗನಿಗೆ ಇಷ್ಟೇಕೆ ಎಂದು ಕೇಳಬಹುದು. ಬೀಳುವ ದೇಹವು ಒಮ್ಮೆಲೇ ತಡೆಯಲ್ಪಟ್ಟಾಗ ಎಳೆಯುವ ಬಲವು ಅದರ ತೂಕದ ಹಲವು ಪಟ್ಟಾಗುತ್ತದೆ. ಹೊಸಬನು ನೆಲದ ಮೇಲೆ ನಿಂತೇ ಹತ್ತು ಸಲ ಬೆಲ್ಟ್ ಧರಿಸಿ, ಸಿಗಿಸಿ, ಬಿಚ್ಚಬೇಕು. ಹಿರಿಯನೊಬ್ಬನು ಆ ದಿನದ ಜಾಗಕ್ಕೆ ಕರೆದೊಯ್ದು "ಇಲ್ಲಿ ಸಿಗಿಸು, ಇಲ್ಲಿ ಬೇಡ" ಎಂದು ಬೆರಳಿಟ್ಟು ತೋರಿಸಬೇಕು. ಇದೇ ಅವನ ಯೋಗ್ಯಾ.

ಗುಂಡಿ: ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗಬಹುದು. ಎದೆಯ ತನಕ ಹೂತರೂ ಉಸಿರಾಡಲು ಎದೆ ಹಿಗ್ಗುವುದಿಲ್ಲ. ನಮ್ಮ ಭಾಗದ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಳೆಯ ಮರುದಿನದ ಪಾಯದ ಗುಂಡಿಯನ್ನು ನಂಬಬಾರದು. ಆಳು ಎತ್ತರದ ಗುಂಡಿಗೆ ಪಕ್ಕದ ಆಸರೆ, ಏಣಿ ಇಲ್ಲದೆ ಇಳಿಯಬಾರದು. ತೋಡಿದ ಮಣ್ಣನ್ನು ಅಂಚಿಗೇ ರಾಶಿ ಹಾಕಬಾರದು.

ಸಿಮೆಂಟು: ಹಸಿ ಸಿಮೆಂಟು ತೀಕ್ಷ್ಣ ಕ್ಷಾರ. ಬೆಂಕಿಯಂತೆ ಕೂಡಲೇ ಉರಿಯುವುದಿಲ್ಲವಾದ್ದರಿಂದ ಮೋಸ ಮಾಡುತ್ತದೆ. ಬೂಟಿನೊಳಗೆ ಹೊಕ್ಕ ಸಿಮೆಂಟು ಸಂಜೆಯ ಹೊತ್ತಿಗೆ ಆಳವಾದ ವ್ರಣ ಮಾಡಿರುತ್ತದೆ. ತಗಲಿದ ಕೂಡಲೇ ಬಟ್ಟೆ ತೆಗೆದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕ್ಷಾರವನ್ನು ಹುಳಿ ಶಮನಗೊಳಿಸುತ್ತದೆಂದು ಗ್ರಂಥಗಳಲ್ಲಿದೆ ಎಂದು ಯಾರೂ ನಿಂಬೆರಸ ಹಿಂಡಬೇಡಿರಿ. ಅರಿಶಿನ, ಎಣ್ಣೆಯೂ ಬೇಡ, ನೀರೊಂದೇ ಸಾಕು. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಧೂಳು: ಕಲ್ಲು, ಟೈಲ್ಸ್ ಕತ್ತರಿಸುವಾಗ ಏಳುವ ಕಣ್ಣಿಗೆ ಕಾಣದ ಸಿಲಿಕಾ ಕಣಗಳು ಪುಪ್ಫುಸದ ಆಳಕ್ಕೆ ಸೇರಿ ಸಿಲಿಕೋಸಿಸ್ ಎಂಬ ರೋಗ ತರುತ್ತವೆ. ಕ್ಷಯ ತಗಲುವ ಸಂಭವವನ್ನೂ ಹೆಚ್ಚಿಸುತ್ತವೆ. ಒಮ್ಮೆ ಗಟ್ಟಿಯಾದ ಪುಪ್ಫುಸವನ್ನು ಮೊದಲಿನಂತೆ ಮಾಡುವ ಔಷಧವು ನಮ್ಮಲ್ಲಿಯೂ ಇಲ್ಲ, ಅಲೋಪಥಿಯಲ್ಲಿಯೂ ಇಲ್ಲ. ಕರವಸ್ತ್ರ ಕಟ್ಟಿಕೊಂಡರೆ ಈ ಕಣಗಳು ನಿಲ್ಲುವುದಿಲ್ಲ. ನೀರು ಹನಿಸುತ್ತ ಕತ್ತರಿಸುವುದು, ಎನ್-95 ಬಗೆಯ ಮಾಸ್ಕನ್ನು ಮೂಗಿಗೆ ಬಿಗಿಯಾಗಿ ಕೂರುವಂತೆ ಧರಿಸುವುದು ಇದಕ್ಕೆ ರಕ್ಷೆ.

ವಿದ್ಯುತ್ತು: ಸುಲಿದ ತಂತಿಯನ್ನು ನೇರ ಪ್ಲಗ್ಗಿಗೆ ಚುಚ್ಚುವುದು, ಒದ್ದೆ ಕೈಯಿಂದ ಮಿಕ್ಸರ್ ಮುಟ್ಟುವುದು, ಮೇಲೆ ತಂತಿ ಹಾಯ್ದಿರುವಲ್ಲಿ ಕಬ್ಬಿಣದ ಸಲಾಕೆ ಎತ್ತಿ ನಿಲ್ಲಿಸುವುದು, ಇವು ಮೂರೂ ಪ್ರಾಣಾಂತಿಕ. ಮೇನ್ ಸ್ವಿಚ್ ಎಲ್ಲಿದೆಯೆಂದು ಮೊದಲ ದಿನವೇ ನೋಡಿಟ್ಟುಕೊಳ್ಳಬೇಕು.

ಬಿಸಿಲು: ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಬಿಸಿಲಿನ ಆಘಾತದ ಸಾವುಗಳಲ್ಲಿ ಬಹುಪಾಲು ಕೆಲಸದ ಮೊದಲ ಕೆಲವು ದಿನಗಳಲ್ಲಿಯೇ ಸಂಭವಿಸುತ್ತವೆ. ಆದ್ದರಿಂದ ಮೊದಲ ದಿನ ಪೂರ್ಣ ದುಡಿಮೆಯ ಐದರಲ್ಲಿ ಒಂದು ಭಾಗ ಮಾತ್ರ ಬಿಸಿಲಿನಲ್ಲಿ ಮಾಡಿಸಿ, ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕೆಂಬುದು ತಜ್ಞರ ಸಲಹೆ. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕುಡಿಯಬೇಕು. ಬಿಸಿಲಿನಲ್ಲಿ ದುಡಿಯುವವನ ಮಾತು ತೊದಲಿದರೆ, ದಿಕ್ಕು ತೋಚದಂತಾದರೆ ಅದು ತುರ್ತುಸ್ಥಿತಿ. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ ಆಂಬುಲೆನ್ಸ್ ಕರೆಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಅವಘಡವಾದಾಗ

ಎತ್ತರದಿಂದ ಬಿದ್ದವನನ್ನು ತಲೆ, ಕಾಲು ಹಿಡಿದು ಚೀಲದಂತೆ ಎತ್ತುವುದು ನಮ್ಮಲ್ಲಿ ಸಾಮಾನ್ಯ. ಕುತ್ತಿಗೆ ಅಥವಾ ಬೆನ್ನಿನ ಎಲುಬು ಮುರಿದಿದ್ದರೆ, ಹಾಗೆ ಎತ್ತುವುದರಿಂದಲೇ ಅವನು ಜೀವನಪೂರ್ತಿ ಏಳದಂತಾಗಬಹುದು. ಮೇಲಿನಿಂದ ಇನ್ನೇನೂ ಬೀಳುವ ಭಯವಿಲ್ಲದಿದ್ದರೆ ಅವನನ್ನು ಅಲುಗಿಸದೆ, ತಲೆಯನ್ನು ಎರಡೂ ಕೈಗಳಿಂದ ಸ್ಥಿರವಾಗಿ ಹಿಡಿದು, 108ಕ್ಕೆ ಕರೆ ಮಾಡಬೇಕು. ರಕ್ತ ಸೋರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ವಿದ್ಯುತ್ ತಗಲಿದವನನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಮಣ್ಣು, ತುಕ್ಕು ತಗಲಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ಅದೇ ದಿನ ವೈದ್ಯರಲ್ಲಿ ಕೇಳಬೇಕು.

ಆಯುರ್ವೇದ ವೈದ್ಯರಾಗಿಯೇ ನಾವು ಇನ್ನೊಂದು ಮಾತು ಹೇಳುತ್ತೇವೆ. ಬಿದ್ದ ಪೆಟ್ಟಿಗೆ ಎಕ್ಸ್-ರೇ ಆಗುವ ಮೊದಲು ತೈಲ ಹಚ್ಚಿ ತಿಕ್ಕಿಸಬೇಡಿರಿ, ಎಲುಬು ಎಳೆಸಬೇಡಿರಿ. ನಮ್ಮ ತೈಲ, ಸ್ವೇದನಗಳ ಕಾಲ ಎಲುಬು ಕೂಡಿದ ನಂತರ ಬರುತ್ತದೆ.

ಹೊಣೆ ಯಾರದು?

ಪ್ರಜ್ಞಾಪರಾಧವೆಂದ ಕೂಡಲೇ ತಪ್ಪು ಕಾರ್ಮಿಕನದೇ ಎಂದು ತೀರ್ಪು ಕೊಡುವುದು ಅನ್ಯಾಯ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಕಟ್ಟಡವೇ ಕುಸಿಯುವಾಗ ಒಳಗಿದ್ದವರ ತಲೆಯ ಹೆಲ್ಮೆಟ್ಟಾಗಲಿ ಅವರು ಪಡೆದ ತರಬೇತಿಯಾಗಲಿ ಏನು ಮಾಡೀತು? ಅಲ್ಲಿ ಬೇಕಾದದ್ದು ಕಟ್ಟಿಸುವವರ, ಎಂಜಿನಿಯರರ, ಪರವಾನಿಗೆ ಕೊಡುವವರ ಪ್ರಜ್ಞೆ. ಕಾರ್ಮಿಕನ ಮೊಬೈಲಿನಲ್ಲಿರುವ ಪ್ರಮಾಣಪತ್ರವು "ಅವನಿಗೆ ಹೇಳಿಯಾಗಿತ್ತು" ಎಂದು ಕೈತೊಳೆದುಕೊಳ್ಳುವ ಸಾಧನವಾಗಬಾರದು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯ್ದೆಯು ಸುರಕ್ಷತೆ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಗಳನ್ನು ಮಾಲೀಕನ ಕರ್ತವ್ಯವೆಂದು ವಿಧಿಸಿತು. 2020ರಲ್ಲಿ ಸಂಸತ್ತು ಇಂತಹ 13 ಕಾಯ್ದೆಗಳನ್ನು ಒಗ್ಗೂಡಿಸಿ ಒಂದೇ ಸಂಹಿತೆಯನ್ನು ಅಂಗೀಕರಿಸಿತು. ನಮ್ಮ ರಾಜ್ಯದಲ್ಲಿ 2007ರಿಂದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ನಿರ್ಮಾಣ ವೆಚ್ಚದ ಶೇಕಡಾ 1ರ ಸೆಸ್ ಹಣ ಅದಕ್ಕೆ ಸೇರುತ್ತದೆ. ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಅಪಘಾತ, ಚಿಕಿತ್ಸೆ, ಮಕ್ಕಳ ಶಿಕ್ಷಣಗಳಿಗೆ ನೆರವು ದೊರೆಯುವುದು ನೋಂದಾಯಿತರಿಗೆ ಮಾತ್ರ. ಇಲ್ಲಿಯೂ ಹೊಸಬನ ಕಷ್ಟ ನೋಡಿರಿ: ಹನ್ನೊಂದನೆಯ ದಿನ ಬಿದ್ದವನಿಗೆ 90 ದಿನಗಳು ತುಂಬಿರುವುದಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ಅವನನ್ನು ಕಾಯುವ ಹೊಣೆ ಜತೆಗಿರುವವರ ಮೇಲೆ ಹೆಚ್ಚು.

ಅಲ್ಲದೆ 1996ರ ಕಾಯ್ದೆಯು ಹತ್ತು ಮತ್ತು ಹೆಚ್ಚು ಜನ ದುಡಿಯುವ ಕೆಲಸಗಳಿಗೆ ಸಂಬಂಧಿಸಿದ್ದು. ಹತ್ತು ಲಕ್ಷ ರೂಪಾಯಿಯೊಳಗಿನ ಸ್ವಂತ ವಾಸದ ಮನೆಯನ್ನು ಅದು ಹೊರಗಿಟ್ಟಿತ್ತು. ನಮ್ಮ ಹಳ್ಳಿಗಳಲ್ಲಿ ನಾಲ್ಕಾರು ಜನ ಸೇರಿ ಕಟ್ಟುವ ಮನೆಗಳು ಬಹುತೇಕ ಅಂಥವೇ. ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ, ವಿಡಿಯೊ ಬರುವುದಿಲ್ಲ. ಮನೆ ಕಟ್ಟಿಸುವ ಯಜಮಾನನೇ, ಅಂದರೆ ಈ ಪತ್ರಿಕೆಯನ್ನು ಓದುವ ನಮ್ಮ ನಿಮ್ಮಂತಹವರೇ, ಅಲ್ಲಿ ಕಾಯ್ದೆಯ ಜಾಗದಲ್ಲಿ ನಿಲ್ಲಬೇಕು. ಭೂಮಿಪೂಜೆಗೆ, ವಾಸ್ತುಶಾಂತಿಗೆ ಮಾಡುವ ಖರ್ಚಿನಲ್ಲಿ ಒಂದಂಶದಿಂದ ನಾಲ್ಕು ಹೆಲ್ಮೆಟ್, ಎರಡು ಒಳ್ಳೆಯ ಬೆಲ್ಟ್, ಕೈಗವಸು, ಬೂಟುಗಳು ಬರುತ್ತವೆ. ಸ್ಲ್ಯಾಬ್ ಹಾಕುವ ದಿನ ಸೆಂಟ್ರಿಂಗಿನ ಆಧಾರಗಳನ್ನು ಗೌಂಡಿಯೊಡನೆ ನಿಂತು ನೋಡುವುದಕ್ಕೆ ಖರ್ಚೇ ಇಲ್ಲ.

ಊರಿನ ಅನುಭವಿ ಗೌಂಡಿಗಳಲ್ಲಿ ನಮ್ಮದೊಂದು ವಿನಂತಿ. ಹೊಸ ಹುಡುಗರು ಕೆಲಸಕ್ಕೆ ಹೊರಡುವ ಮುನ್ನ ಒಂದು ಸಂಜೆ ಅವರನ್ನು ಕೂಡಿಸಿಕೊಳ್ಳಿರಿ. ಮೊಬೈಲಿನ ಪಾಠವನ್ನು ಒಟ್ಟಿಗೆ ನೋಡಿ, ತಿಳಿಯದ ಮಾತನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿ, ಆಮೇಲೆ ಬೆಲ್ಟ್ ಅವರ ಕೈಗೆ ಕೊಟ್ಟು ಹಾಕಿಸಿರಿ. ತಾಯಂದಿರು ಫೋನಿನಲ್ಲಿ "ಊಟ ಆತೇನಪಾ?" ಎಂದು ಕೇಳುವಾಗ "ಬೆಲ್ಟ್ ಹಾಕ್ಕೊಂಡಿದ್ದೇನು, ಎಲ್ಲಿ ಸಿಗಸಿದ್ದಿ?" ಎಂದೂ ಕೇಳಲಿ.

ಆ ಯುವಕನ ಮಣಿಕಟ್ಟು ಈಗ ಬಹುಮಟ್ಟಿಗೆ ಮಣಿಯುತ್ತದೆ. ಮನೆಯ ಪರಿಸ್ಥಿತಿಯಿಂದಾಗಿ ಮತ್ತೆ ಕೆಲಸಕ್ಕೆ ಹೋಗಲೇಬೇಕಾಯಿತು. ಹೊರಡುವ ಮುನ್ನ ಹೇಳಿಹೋಗಲು ಬಂದಾಗ, ಈ ಸಲ ಮೊದಲ ದಿನ ಏನು ಕೇಳುವಿ ಎಂದೆವು. "ಇದನ್ನ ಎಲ್ಲಿ ಸಿಗಸಬೇಕು ತೋರಸ್ರಿ, ತೋರಸೂತನಕಾ ಮ್ಯಾಲ ಹತ್ತೂದಿಲ್ಲ ಅಂತೀನ್ರಿ ಸಾಹೇಬ್ರ" ಎಂದ. ಹಾಗೆ ಕೇಳಿದ ಹುಡುಗನನ್ನು ಗದರದೆ, ಕೈಹಿಡಿದು ತೋರಿಸುವ ಹಿರಿಯನೊಬ್ಬನು ಅಲ್ಲಿ ಅವನಿಗೆ ದೊರೆಯಲಿ.